ಗೇಟಿನ ಮುಂದಿನ ಮೊದಲ ಹಳದಿ ಹೆಜ್ಜೆ

ಡಬ್ಲಿನ್ ಅಂಚಿನ ಆಡಮ್ಸ್‌ಟೌನಿನ ಆ ಪ್ರೀಸ್ಕೂಲಿನ ಗೇಟಿನ ಮುಂದೆ ನನ್ನಷ್ಟು ಜನಪ್ರಿಯನಾದ ಮನುಷ್ಯ ಇನ್ನೊಬ್ಬ ಇರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ಕೊಚ್ಚಿಕೊಳ್ಳಲು ನನ್ನ ಬಳಿ ಬೇರೆ ವಿಷಯಗಳು ಬೇಕಾದಷ್ಟಿವೆ.

ಕೋವಿಡ್ ಕಾಲ. ದೊಡ್ಡವರು ಯಾರೂ ಶಾಲೆಯೊಳಗೆ ಕಾಲಿಡುವಂತಿರಲಿಲ್ಲ. ಮಕ್ಕಳನ್ನು ಗೇಟಿನಲ್ಲೇ ಒಪ್ಪಿಸಬೇಕು, ಗೇಟಿನಲ್ಲೇ ವಾಪಸು ಪಡೆಯಬೇಕು. ಕಾಲುದಾರಿಯ ಸಿಮೆಂಟಿನ ಮೇಲೆ ಎರಡೆರಡು ಮೀಟರಿಗೊಂದು ಜೊತೆ ಹಳದಿ ಹೆಜ್ಜೆಗುರುತು ಬಿಡಿಸಿದ್ದರು. ಅದರ ಮೇಲೆ ನಿಂತು ಸರದಿ ಕಾಯಬೇಕು. ಗೇಟಿಗೆ ತೀರ ಹತ್ತಿರವಿದ್ದ ಮೊದಲ ಹೆಜ್ಜೆ ನನ್ನದು. ಯಾರೂ ಕೊಟ್ಟದ್ದಲ್ಲ, ದಿನವೂ ಎಲ್ಲರಿಗಿಂತ ಮೊದಲು ಬಂದು ನಾನೇ ಸಂಪಾದಿಸಿಕೊಂಡದ್ದು. ಮಳೆ ಬರಲಿ, ಆಲಿಕಲ್ಲು ಬೀಳಲಿ, ಆ ಹೆಜ್ಜೆಯ ಮೇಲೆ ನನ್ನ ಕೊಡೆ ಇರುತ್ತಿತ್ತು.

ಅಲ್ಲಿಂದ ಬೇಲಿಯಾಚೆಯ ಆಟದಂಗಳ ಕಾಣುತ್ತಿತ್ತು. ಮಣ್ಣಿನ ಅಡುಗೆಮನೆ, ನೀರಿನ ತೊಟ್ಟಿ, ಗಮ್‌ಬೂಟು ತೊಟ್ಟ ಮೂರು-ನಾಲ್ಕು ವರ್ಷದ ಮಕ್ಕಳು. ನಾನು ಮಾಸ್ಕ್ ಕೆಳಗಿಳಿಸಿ ಅವರಿಗೆ ಹಲ್ಲು ಕಿರಿಯುತ್ತಿದ್ದೆ. ಮಾಸ್ಕ್ ಮೇಲೇರಿಸುತ್ತಿದ್ದೆ. ಮತ್ತೆ ಇಳಿಸಿದರೆ ಬಾಯಲ್ಲಿ ಒಂದೂ ಹಲ್ಲಿಲ್ಲ. ಮತ್ತೆ ಏರಿಸಿ ಇಳಿಸಿದರೆ ಅಷ್ಟೂ ಹಲ್ಲು ಹಾಜರ್. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ನಾಲಗೆಯಿಂದಲೇ ಬೀಳಿಸಿ ನಾಲಗೆಯಿಂದಲೇ ಕೂರಿಸುವ ವಿದ್ಯೆ ಸುಮ್ಮನೆ ಬರುವುದಿಲ್ಲ. ಮಕ್ಕಳು ಬೇಲಿಗೆ ಅಂಟಿಕೊಂಡು ಕಿರುಚುತ್ತಿದ್ದವು. ಶಾಲೆಯ ಮ್ಯಾನೇಜರಮ್ಮ, ಗುಂಡಗಿನ ಕೆಂಪು ಕೆನ್ನೆಯ ಹೆಂಗಸು, ಹಣೆಗೆ ಹಿಡಿಯುವ ಥರ್ಮಾಮೀಟರ್ ಹಿಡಿದುಕೊಂಡೇ ಬಂದು, “ಮಾಸ್ಕ್, ಪ್ಲೀಸ್” ಎನ್ನುತ್ತಿದ್ದಳು. ಅನ್ನುವಾಗ ಅವಳ ಮಾಸ್ಕೂ ನಗುವಿಗೆ ಅಲುಗುತ್ತಿತ್ತು.

ನಾನು ಮೈಸೂರಿನಲ್ಲಿ ಪ್ರವಾಸಿ ಗೈಡ್ ಆಗಿದ್ದವನು. ಇಡೀ ಆಯುಷ್ಯ ವಿದೇಶಿಯರಿಗೆ ಅರಮನೆ ತೋರಿಸಿ, ಅದರ ಕಂಚಿನ ಹುಲಿಗಳು ಅಮಾವಾಸ್ಯೆಯ ದಿನ ತಮ್ಮತಮ್ಮೊಳಗೇ ಜಾಗ ಬದಲಾಯಿಸಿಕೊಳ್ಳುತ್ತವೆ ಎಂದು ನಂಬಿಸಿದವನು. ಆ ಕತೆ ಕೇಳಿದ ಒಬ್ಬ ಜರ್ಮನ್ ಮುದುಕ ಅಮಾವಾಸ್ಯೆ ಬರುವತನಕ ಹೋಟೆಲಿನಲ್ಲಿ ಕಾದಿದ್ದ. ನನ್ನ ಇಂಗ್ಲಿಷಿನ ಮುಂದೆ ನಮ್ಮ ಕಾಲದ ಮೇಷ್ಟ್ರುಗಳೂ ನಿಲ್ಲುತ್ತಿರಲಿಲ್ಲ. ಡಬ್ಲಿನ್‌ಗೆ ಬಂದ ಮೇಲೂ ಅಂಗಡಿಯವನ ಜೊತೆ, ಪೋಸ್ಟ್‌ಮ್ಯಾನ್ ಜೊತೆ, ನಾಯಿ ಅಡ್ಡಾಡಿಸುವವರ ಜೊತೆ ನಿಂತು ನಿಂತು ಇಂಗ್ಲಿಷ್ ಆಡಿದ್ದೇ ಆಡಿದ್ದು. ಈ ಒಂದು ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಇದೇ ನನಗೆ ಮುಳುವಾಯಿತು.

ಮಗಳ ಮನೆಗೆ ಒಂದು ಬೇಸಿಗೆ ಕಳೆಯಲೆಂದು ಬಂದಿದ್ದೆ. ವಿಮಾನಗಳು ನಿಂತವು, ವೀಸಾ ತನ್ನಷ್ಟಕ್ಕೇ ಮುಂದೆ ಹೋಗುತ್ತಾ ಹೋಯಿತು, ನಾನು ಉಳಿದುಬಿಟ್ಟೆ. ಮಗಳು ಸಾಫ್ಟ್‌ವೇರ್. ಮೇಲಿನ ಸಣ್ಣ ರೂಮಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತರೆ ಸಂಜೆಯೇ ಇಳಿಯುವುದು. ಅಳಿಯ ಬ್ಯೂಮಾಂಟ್ ಕಡೆಯ ಆಸ್ಪತ್ರೆಯ ಲ್ಯಾಬಿನಲ್ಲಿ. ಬೆಳಕು ಹರಿಯುವ ಮೊದಲೇ ಹೊರಡುತ್ತಿದ್ದ. ಹಾಗಾಗಿ ಮೊಮ್ಮಗಳು ನನ್ನ ಪಾಲಿಗೆ ಬಂದಳು.

ಅಲ್ಲೇ ಹುಟ್ಟಿದ ಮಗು. ನಾನು ಆಡಿದ ಕನ್ನಡವೆಲ್ಲ ಅವಳಿಗೆ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ಅಪ್ಪಟ ಐರಿಶ್ ರಾಗದಲ್ಲಿ.

“ಪುಟ್ಟಿ, ಹಾಲು ಕುಡ್ದ್ಯಾ?”

“ಐ ಡಿಡ್, ಯಾ.”

“ಚಳಿ ಆಗ್ತಿದ್ಯಾ?”

“ಐ ಆಮ್ ಗ್ರ್ಯಾಂಡ್, ತಾತ.”

ಚೆನ್ನಾಗಿದ್ದರೂ, ಸರಿಯಿದ್ದರೂ ಅಲ್ಲಿಯವರಿಗೆ ಎಲ್ಲವೂ ‘ಗ್ರ್ಯಾಂಡ್’. ಒಟ್ಟು ಮಾತಿನಲ್ಲಿ ‘ತಾತ’ ಒಂದೇ ನನ್ನ ಪಾಲು. ಮೈಸೂರಿನ ಸಂಜೆ ಕಾಫಿ ಗುಂಪಿನ ಗೆಳೆಯರಿಗೆ ಫೋನಿನಲ್ಲಿ ಹೇಳಿಬಿಟ್ಟಿದ್ದೆ, “ನಾನು ವಾಪಸ್ ಬರೋದ್ರೊಳಗೆ ಆ ಮಗು ಬಾಯಿಂದ ನನ್ ಹತ್ರ ಕನ್ನಡ ಮಾತಾಡಿಸ್ತೀನಿ, ನೋಡ್ತಿರಿ.” ಅವರು ಪ್ರತಿ ವಾರವೂ ಕೇಳುತ್ತಿದ್ದರು, “ಆಯ್ತೇನಪ್ಪ?” ಕತೆ ಹೇಳಿದೆ, ಗುಬ್ಬಚ್ಚಿ ದನಿ ಮಾಡಿದೆ, ಚಾಕೊಲೇಟ್ ಲಂಚ ಕೊಟ್ಟೆ. ಒಂದೇ ಒಂದು ವಾಕ್ಯವೂ ಹೊರಡಲಿಲ್ಲ. ಅಷ್ಟರಲ್ಲಿ ವಿಮಾನಗಳು ಮತ್ತೆ ಶುರುವಾಗಿ, ಮಗಳು ಮುಂದಿನ ವಸಂತಕ್ಕೆ ನನ್ನ ಟಿಕೆಟ್ ಮಾಡಿಸಿದಳು.

ಆ ಶರತ್ಕಾಲದಲ್ಲೇ ಅವರು ಬಂದದ್ದು.

ಒಂದು ಬೆಳಿಗ್ಗೆ ಹೋಗಿ ನೋಡಿದರೆ ನನ್ನ ಹಳದಿ ಹೆಜ್ಜೆಯ ಮೇಲೆ ಯಾರೋ ನಿಂತಿದ್ದಾರೆ. ಎತ್ತರದ ಮುದುಕ. ಬಿಳಿ ಗಡ್ಡ ಮಾಸ್ಕಿನ ಎರಡೂ ಬದಿಯಿಂದ ಹೊರಗೆ ಚೆಲ್ಲಿತ್ತು. ಉದ್ದನೆಯ ಅಂಗಿಯ ಮೇಲೆ ಕಂದು ವೇಸ್ಟ್‌ಕೋಟು, ಅದರ ಮೇಲೆ ಯಾರೋ ದಾನ ಕೊಟ್ಟ, ತೋಳು ಸಾಲದ ಮಳೆಕೋಟು. ಅವನ ಕೈ ಹಿಡಿದು ಕೆಂಪು ಬೂಟಿನ ಒಂದು ಪುಟ್ಟ ಹುಡುಗಿ, ನಮ್ಮವಳ ವಯಸ್ಸೇ. ಕಾಬೂಲಿನಿಂದ ಬಂದ ಕುಟುಂಬಗಳನ್ನು ಹತ್ತಿರದ ಒಂದು ಹೋಟೆಲಿನಲ್ಲಿ ಇಳಿಸಿದ್ದಾರೆಂದು ಮಗಳು ಹೇಳಿದ್ದಳು. ಅದರಲ್ಲಿ ಒಂದು ಕುಟುಂಬದ ಮಗು ನಮ್ಮ ಶಾಲೆಗೆ ಸೇರಿತ್ತು.

ನಾನು ಗಂಟಲು ಸರಿಮಾಡಿಕೊಂಡೆ. ಮುದುಕ ತಿರುಗಿ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. ಜಾಗ ಬಿಡಲಿಲ್ಲ. ನಾನು ಎರಡನೆಯ ಹೆಜ್ಜೆಯಲ್ಲಿ ನಿಂತೆ. ಅಲ್ಲಿಂದ ಅಂಗಳ ಕಾಣುವುದಿಲ್ಲ, ಅಡ್ಡಕ್ಕೆ ಕಸದ ಡಬ್ಬಿಗಳಿವೆ.

ಕೆಂಪು ಬೂಟಿನ ಹುಡುಗಿ ಗೇಟು ದಾಟುವಾಗ ಅತ್ತ ಅಳು ಬೀದಿಯ ಕೊನೆಗೂ ಕೇಳಿಸಿರಬೇಕು. ಮಾಸ್ಕಿನಿಂದ ಮುಖವೆಲ್ಲ ಮುಚ್ಚಿಕೊಂಡ, ಕಣ್ಣು ಮಾತ್ರ ಕಾಣುವ ಹೆಂಗಸೊಬ್ಬಳು ಕೈ ಹಿಡಿದು ಎಳೆದರೆ ಯಾವ ಮಗು ಹೋಗುತ್ತದೆ. ಟೀಚರು ಹುಡುಗಿಯೇ, ಪಾಪ, ಒಳ್ಳೆಯವಳು. ಚಿತ್ರದ ಕಾರ್ಡುಗಳ ಒಂದು ಗೊಂಚಲು ಕುತ್ತಿಗೆಗೆ ಹಾಕಿಕೊಂಡಿದ್ದಳು: ನೀರು, ಶೌಚ, ಹಸಿವು, ಕೋಟು. ಒಂದೊಂದನ್ನೇ ತೋರಿಸುತ್ತಾ ಬಂದಳು. ಮಗು ಕಾರ್ಡುಗಳನ್ನು ನೋಡಲೇ ಇಲ್ಲ. ಮುದುಕ ಗೇಟಿನ ಹೊರಗೇ ಕುಕ್ಕರುಗಾಲಿನಲ್ಲಿ ಕೂತ. ಅವಳು ಬೇಲಿಯ ಒಳಗಡೆ ಹಾಗೇ ಕೂತಳು. ಅಳು ನಿಂತಿತು. ಅವನು ಎದ್ದರೆ ಮತ್ತೆ ಶುರು. ಹೀಗೆ ಅವನು ಕೂತೇ ಇದ್ದ, ಮಳೆ ಬಂದರೂ.

ಮರುದಿನ ಕಸದ ಡಬ್ಬಿಗಳ ಸಂದಿಯಿಂದ ಇಣುಕಿ ನೋಡುತ್ತೇನೆ, ಬೇಲಿಯೊಳಗೆ ಒಬ್ಬಳಲ್ಲ, ಅರ್ಧ ಶಾಲೆಯೇ ಕುಕ್ಕರುಗಾಲಿನಲ್ಲಿ ಕೂತಿದೆ. ಮುದುಕ ಏನನ್ನೂ ಮಾಡುತ್ತಿಲ್ಲ. ಹಲ್ಲು ಬೀಳಿಸುತ್ತಿಲ್ಲ, ಕಿವಿಯಿಂದ ನಾಣ್ಯ ತೆಗೆಯುತ್ತಿಲ್ಲ. ಸುಮ್ಮನೆ ಕೂತಿದ್ದಾನೆ, ಮಕ್ಕಳೂ ಸುಮ್ಮನೆ ಕೂತು ಅವನನ್ನು ನೋಡುತ್ತಿವೆ. ನಾನು ಎರಡನೆಯ ಹೆಜ್ಜೆಯಿಂದ ಕತ್ತು ಚಾಚಿ ಮಾಸ್ಕ್ ಇಳಿಸಿ ನನ್ನ ಅತ್ಯುತ್ತಮ ಪ್ರದರ್ಶನ ಕೊಟ್ಟೆ. ಒಬ್ಬ ಹುಡುಗ ತಿರುಗಿ ನೋಡಿ ಬಾಯಿಗೆ ಬೆರಳಿಟ್ಟ, ಗಲಾಟೆ ಮಾಡಬೇಡ ಎಂಬಂತೆ.

ನನ್ನ ಮೊಮ್ಮಗಳು ಆ ಹುಡುಗಿಯ ಪಕ್ಕದಲ್ಲೇ ಕೂತು ಅವಳ ಕೈ ಹಿಡಿದುಕೊಂಡಿದ್ದಳು.

ಹೊಟ್ಟೆಕಿಚ್ಚಿಗೆ ವಯಸ್ಸಿಲ್ಲ. ಹಲ್ಲು ಹೋದರೂ ಅದು ಹೋಗುವುದಿಲ್ಲ. ಮನೆಗೆ ಹೋಗಿ ಗೋಡೆಗಡಿಯಾರಕ್ಕಿಂತ ಮುಂಚಿತವಾಗಿ ಏಳುವ ತೀರ್ಮಾನ ಮಾಡಿದೆ. ಮರುದಿನ ಕತ್ತಲಿರುವಾಗಲೇ ಮಗುವನ್ನು ಎಬ್ಬಿಸಿ ಹೊರಟೆ. ಮುದುಕ ಅಲ್ಲಿದ್ದ. ಅದರ ಮರುದಿನ ಇನ್ನೂ ಬೇಗ ಹೊರಟೆ. ಆಗಲೂ ಇದ್ದ. ಹೋಟೆಲಿನ ರೂಮಿನಲ್ಲಿ ಅವನಿಗೆ ನಿದ್ದೆ ಬರುತ್ತಿರಲಿಲ್ಲವೋ ಏನೋ. ಆಗ ನಾನು ಆ ದಿಕ್ಕಿನಲ್ಲಿ ಯೋಚಿಸಲಿಲ್ಲ. ನನ್ನನ್ನು ಸೋಲಿಸಲೆಂದೇ ಬರುತ್ತಾನೆ ಎಂದುಕೊಂಡೆ.

ಮಗಳು ಮೇಲಿನಿಂದ ಇಳಿದು ಬಂದು ಹೇಳಿದಳು, “ಅಪ್ಪ, ನೀವ್ಯಾಕೆ ಮಗೂನ ಈ ಚಳೀಲಿ ಅಷ್ಟು ಬೇಗ ಎಳ್ಕೊಂಡು ಹೋಗ್ತೀರ? ಸ್ಕೂಲ್ ಓಪನ್ನೇ ಆಗಿರಲ್ಲ.”

“ಬೆಳಗಿನ ಗಾಳಿ ಒಳ್ಳೇದಮ್ಮ.”

“ಅಪ್ಪ.”

“ಅಲ್ಲಿ ಒಬ್ಬ ಬಂದು ನನ್ ಜಾಗದಲ್ಲಿ ನಿಂತ್ಕೋತಾನೆ.”

“ನಿಮ್ ಜಾಗ? ನೀವೇನು ಅಲ್ಲಿ ಸೈಟ್ ತಗೊಂಡಿದ್ದೀರಾ?” ಎಂದು ನಕ್ಕಳು. ಅಷ್ಟರಲ್ಲಿ ಮೊಮ್ಮಗಳು ಅವಳ ತೊಡೆ ಏರಲು ಬಂದಳು. ಮೇಲೆ ಲ್ಯಾಪ್‌ಟಾಪ್ ಟಣ್ಣೆಂದಿತು. “ಮೀಟಿಂಗ್ ಇದೆ ಪುಟ್ಟಿ, ತಲೆ ತಿನ್ಬೇಡ, ತಾತನ ಹತ್ರ ಹೋಗು,” ಎಂದು ಮಗಳು ಮೆಟ್ಟಿಲು ಹತ್ತಿದಳು. ಈ ಮಾತು ನಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಕೇಳಿಸುತ್ತಿತ್ತೋ ಲೆಕ್ಕವಿಲ್ಲ. ಮನೆಯೇ ಆಫೀಸಾದ ಕಾಲದ ಜೋಗುಳ ಅದು.

ಕೆಲವು ವಾರ ಕಳೆಯಿತು. ಕೆಂಪು ಬೂಟಿನ ಹುಡುಗಿ ಅಳುವುದು ನಿಂತಿತು. ಗೇಟು ತೆರೆದ ಕೂಡಲೇ ನಮ್ಮವಳ ಕೈ ಹಿಡಿದು ಒಳಗೆ ಓಡುತ್ತಿದ್ದಳು. ಒಂದು ಮಧ್ಯಾಹ್ನ ಟೀಚರು ನನ್ನ ಹತ್ತಿರ ಬಂದು, ಎರಡು ಮೀಟರಿನ ಅಂತರ ಬಿಟ್ಟು ನಿಂತು, ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: “ನಿಮ್ಮ ಮೊಮ್ಮಗಳು ಅದ್ಭುತ. ನಾವು ಯಾರೂ ಮಾಡಲಾಗದ್ದನ್ನು ಅವಳು ಮಾಡಿದಳು. ಆ ಮಗುವಿನ ಜೊತೆ ಅವರ ಅಫ್ಘಾನಿ ಭಾಷೆಯಲ್ಲೇ ಮಾತಾಡ್ತಾಳೆ. ಕೈ ತೊಳೆಸ್ತಾಳೆ, ಕೂರಿಸ್ತಾಳೆ, ಕೋಟು ಹಾಕಿಸ್ತಾಳೆ. ಇಬ್ಬರೂ ದಿನವೆಲ್ಲ ಆಫೀಸಿನ ಆಟ ಆಡ್ತಾರೆ. ಮರದ ತುಂಡನ್ನು ಕಿವಿಗಿಟ್ಟುಕೊಂಡು ನಿಮ್ಮವಳು ಮೀಟಿಂಗ್ ಮಾಡ್ತಾಳೆ, ಇನ್ನೊಬ್ಬಳು ಬಾಗಿಲ ಹತ್ತಿರ ಕಾಯ್ತಾಳೆ. ಎಷ್ಟು ಬೇಗ ಕಲಿತುಬಿಟ್ಟಳು ಆ ಭಾಷೆ. ನೀವು ಹೆಮ್ಮೆ ಪಡ್ಬೇಕು.”

ನಾನು “ಗ್ರ್ಯಾಂಡ್, ಗ್ರ್ಯಾಂಡ್” ಎಂದೆ. ಮೈಯೆಲ್ಲ ಉರಿಯುತ್ತಿತ್ತು.

ಎರಡು ಚಳಿಗಾಲ. ಗುಬ್ಬಚ್ಚಿ ದನಿ, ಕತೆ, ಚಾಕೊಲೇಟು. ಅಷ್ಟಕ್ಕೂ ಬಾಯಿ ಬಿಡದ ಮಗು, ನಿನ್ನೆ ಮೊನ್ನೆ ಬಂದವರ ಭಾಷೆಯನ್ನು ಗಟಗಟ ಕುಡಿದುಬಿಟ್ಟಿದೆ. ನನ್ನ ಹೆಜ್ಜೆ ಹೋಯಿತು, ನನ್ನ ಪ್ರೇಕ್ಷಕರು ಹೋದರು, ಈಗ ಇದು. ಆ ಗಡ್ಡದವನು ಸುಮ್ಮನೆ ಕೂತು ಕೂತೇ ನನ್ನ ಮನೆಯೊಳಗೆ ಬಂದುಬಿಟ್ಟ. ಆ ವಾರ ಕಾಫಿ ಗುಂಪಿನವರು ಫೋನ್ ಮಾಡಿ “ಆಯ್ತೇನಪ್ಪ?” ಎಂದಾಗ ಸಿಗ್ನಲ್ ಸರಿಯಿಲ್ಲ ಎಂದು ಕಟ್ ಮಾಡಿದೆ.

ಮರುದಿನ ಬೆಳಿಗ್ಗೆ ಮೊದಲ ಹೆಜ್ಜೆಯ ಮೇಲಿದ್ದ ಮುದುಕ ನನ್ನ ಕಡೆ ತಿರುಗಿದ. ಏನೋ ಬಾಯಿಪಾಠ ಒಪ್ಪಿಸುವವನಂತೆ ನೆಟ್ಟಗೆ ನಿಂತ. ಗಂಟಲು ಸರಿಮಾಡಿಕೊಂಡ.

“ಬಾ,” ಎಂದ. “ಕೂತ್ಕೋ. ಸಾಬೂನು ಹಾಕು. ಕೈ ತೊಳ್ಕೋ. ಜಾಣೆ.”

ನಾನು ಕೊಡೆ ಕೆಳಗೆ ಬಿಟ್ಟೆ.

ಆಮೇಲೆ ಹಿಂದಿಯಲ್ಲಿ ಮಾತು ಬಿಚ್ಚಿಕೊಂಡಿತು. ಅವನು ಕೆಲವು ವರ್ಷ ಪೇಶಾವರದಲ್ಲಿ ಇದ್ದವನು, ಅವನ ಉರ್ದುವೂ ನನ್ನ ಪ್ರವಾಸಿ ಹಿಂದಿಯೂ ಕುಂಟುತ್ತಾ ಭೇಟಿಯಾದವು. ಇಷ್ಟು ದಿನ ನಾನೇ ಮೂತಿ ತಿರುಗಿಸಿಕೊಂಡು ನಿಂತದ್ದರಿಂದ ಇದು ಗೊತ್ತಾಗಿರಲಿಲ್ಲ. ಕಾಬೂಲಿನಲ್ಲಿ ಸಿಟಿ ಬಸ್ ಕಂಡಕ್ಟರ್ ಆಗಿದ್ದನಂತೆ. ಈಗ ಮೊಮ್ಮಗಳಿಂದ ಇಂಗ್ಲಿಷ್ ಕಲಿಯುತ್ತಿದ್ದಾನಂತೆ. ದಿನವೂ ಅವಳು ಶಾಲೆಯಿಂದ ತಂದ ಶಬ್ದಗಳನ್ನು ಹೋಟೆಲಿನ ರೂಮಿನಲ್ಲಿ ಇಡೀ ಕುಟುಂಬ ಕೂತು ಬಾಯಿಪಾಠ ಮಾಡುತ್ತದಂತೆ.

“ಇಂಗ್ಲಿಷು ತುಂಬಾ ಸುಲಭ,” ಎಂದ. “ನಿನ್ನೆ ಬಸ್ಸಲ್ಲಿ ಒಬ್ಬ ಅಜ್ಜಿ ನಿಂತಿದ್ಳು. ಎದ್ದು ಜಾಗ ತೋರಿಸಿ ‘ಕೂತ್ಕೋ’ ಅಂದೆ. ಕೂತ್ಲು. ಡ್ರೈವರ್‌ಗೂ ಇಳಿಯೋವಾಗ ‘ಜಾಣೆ’ ಅಂದೆ. ‘ಗ್ರ್ಯಾಂಡ್’ ಅಂದ.”

ಹಾಗಾದರೆ ನನ್ನ ಮೊಮ್ಮಗಳು ಅಫ್ಘಾನಿ ಭಾಷೆ ಕಲಿತಿರಲಿಲ್ಲ. ಆ ಮಗುವಿನ ಜೊತೆ ಕನ್ನಡ ಆಡುತ್ತಿದ್ದಳು. ನನ್ನದೇ ಕನ್ನಡ. ಸಾಬೂನು ಎಂದು ಈಗ ಯಾರು ಹೇಳುತ್ತಾರೆ, ನಾನೊಬ್ಬನೇ. ಆ ಮಗು ಅದನ್ನೇ ಶಾಲೆಯ ಭಾಷೆ ಎಂದುಕೊಂಡು ಕಲಿತು, ಮನೆಮಂದಿಗೆಲ್ಲ ಇಂಗ್ಲಿಷ್ ಎಂದು ಹಂಚಿತ್ತು.

ಸಂತೋಷವಾಗಬೇಕಿತ್ತು. ಆಗಲಿಲ್ಲ. ಅವಳ ಬಾಯಲ್ಲಿ ಕನ್ನಡ ಇದೆ, ನನಗಾಗಿ ಇಲ್ಲ. ಇದಕ್ಕಿಂತ ಅವಳು ಅಫ್ಘಾನಿ ಕಲಿತಿದ್ದರೇ ಚೆನ್ನಾಗಿತ್ತು.

ಮನೆಗೆ ನಡೆಯುವಾಗ ಕೇಳಿಯೇಬಿಟ್ಟೆ. “ಏನೇ, ಆ ಹುಡ್ಗಿ ಹತ್ರ ಕನ್ನಡ ಮಾತಾಡ್ತೀಯಂತೆ?”

“ಯಾ.”

“ಯಾಕೆ?”

ಅವಳು ನನ್ನನ್ನು ದಡ್ಡನನ್ನು ನೋಡುವಂತೆ ನೋಡಿ ಇಂಗ್ಲಿಷಿನಲ್ಲಿ ಹೇಳಿದಳು, “ಅವಳಿಗೆ ಇಂಗ್ಲಿಷ್ ಇಲ್ಲ, ತಾತ.”

“ನನ್ ಹತ್ರ ಯಾಕೆ ಮಾತಾಡಲ್ಲ?”

“ಯೂ ಹ್ಯಾವ್ ಇಂಗ್ಲಿಷ್,” ಎಂದಳು. “ಲೋಡ್ಸ್.”

ಮಗುವಿನ ತರ್ಕ ಅಷ್ಟೇ. ಶಾಲೆಯ ಮಾತು ಬಾರದವರಿಗೆ ಮನೆಯ ಮಾತು. ಬೀದಿಯಲ್ಲಿ ಕಂಡಕಂಡವರ ಮುಂದೆ ನಾನು ಕೊಚ್ಚಿಕೊಂಡ ಇಂಗ್ಲಿಷೆಲ್ಲ ಒಟ್ಟಾಗಿ ನನ್ನ ಬಾಯಿಗೆ ಮಣ್ಣು ಹಾಕಿತ್ತು.

ಆದರೆ ನಾನು ಅಷ್ಟಕ್ಕೆ ಬಿಡುವವನಲ್ಲ. ಅಂದು ಸಂಜೆ ಸೋಫಾದ ಮೇಲೆ ಬಿದ್ದು ನರಳಿದೆ. ಮೊಮ್ಮಗಳು ಬಂದು ಏನಾಯಿತೆಂದು ಇಂಗ್ಲಿಷಿನಲ್ಲಿ ಕೇಳಿದಳು. ಅರ್ಥವಾಗದವನಂತೆ ಕಣ್ಣು ಪಿಳಿಪಿಳಿ ಬಿಟ್ಟೆ.

“ಅಯ್ಯೋ ಪುಟ್ಟಿ, ನಂಗೆ ಕೋವಿಡ್ ಬಂದಿರ್ಬೇಕು. ಎಲ್ರಿಗೂ ವಾಸನೆ ಹೋಗತ್ತಲ್ಲ, ರುಚಿ ಹೋಗತ್ತಲ್ಲ, ನಂಗೆ ಇಂಗ್ಲಿಷ್ ಹೋಗ್ಬಿಟ್ಟಿದೆ. ಒಂದಕ್ಷರ ಗೊತ್ತಾಗ್ತಿಲ್ಲ. ನೀನು ಕನ್ನಡದಲ್ಲೇ ಹೇಳ್ಬೇಕು.”

ಅವಳು ನನ್ನ ಮುಖವನ್ನೇ ನೋಡುತ್ತಾ ನಿಂತಳು. ತುಟಿ ಅಲುಗಿತು. ಬಂತು, ಬಂತು ಎಂದುಕೊಂಡೆ. ಅವಳು ಹಿಂದೆ ತಿರುಗಿ ಅಡುಗೆಮನೆಯತ್ತ ನಡೆಯುತ್ತಾ, ತನ್ನಷ್ಟಕ್ಕೇ ಎಂಬಂತೆ, ಫ್ರಿಜ್ಜಿನಲ್ಲಿ ಐಸ್‌ಕ್ರೀಮ್ ಇದೆ, ತಾತನಿಗೆ ಬೇಡವೇನೋ, ನಾನೇ ಎಲ್ಲ ತಿನ್ನುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನಾನು ಆಗಲೇ ಅರ್ಧ ಎದ್ದು ಕೂತಿದ್ದೆ. ಅವಳು ತಿರುಗಿ ನೋಡಿ ಬೆರಳು ತೋರಿಸಿ ನಕ್ಕಳು. ನನ್ನ ರಕ್ತವೇ ಅದು, ಇನ್ನು ಹೇಗಿರುತ್ತದೆ.

ಹಾಗಾಗಿ ಕಿಚ್ಚೆಲ್ಲ ಗಡ್ಡದವನ ಕಡೆ ತಿರುಗಿತು. ಅವನು ಮಾಡಿದ ತಪ್ಪೇನು? ನನ್ನ ಹೆಜ್ಜೆಯ ಮೇಲೆ ನಿಂತಿದ್ದ, ಅಷ್ಟೇ. ಮರುದಿನ, ಮಕ್ಕಳಿಬ್ಬರೂ ಅತ್ತ ಬೇಲಿಯ ಹತ್ತಿರ ಆಡುತ್ತಿದ್ದಾಗ, ಅವನಿಗೆ ಹೇಳಿದೆ, “ನಿಮ್ಮ ಇಂಗ್ಲಿಷ್ ಚೆನ್ನಾಗಿದೆ. ಆದ್ರೆ ಇದೆಲ್ಲ ಮಕ್ಕಳ ಇಂಗ್ಲಿಷ್. ದೊಡ್ಡವರಿಗೆ ಗೌರವ ಕೊಡೋ ಇಂಗ್ಲಿಷ್ ಬೇರೆ ಇದೆ.”

ಅವನು ಹತ್ತಿರ ಬಂದ. ಎರಡು ಮೀಟರು ಮರೆತೇಹೋಯಿತು. “ಹೇಳಿಕೊಡಿ ಜನಾಬ್.”

“ಮ್ಯಾನೇಜರಮ್ಮ ಬಂದಾಗ ಎದೆ ಮೇಲೆ ಕೈಯಿಟ್ಟು ಹೇಳಿ. ‘ತಲೆ ತಿನ್ಬೇಡ.’ ನಿಮ್ಮ ಉಪಕಾರ ಎಂದಿಗೂ ಮರೆಯೋದಿಲ್ಲ ಅಂತ ಅರ್ಥ.”

ಅವನು ಹತ್ತಾರು ಸಲ ಹೇಳಿಕೊಂಡ. ಉಚ್ಚಾರ ತಿದ್ದಿದೆ. ‘ಳೆ’ ಅಲ್ಲ, ‘ಲೆ’. ನನ್ನ ವೃತ್ತಿಜೀವನದಲ್ಲಿ ಇಷ್ಟು ಶ್ರದ್ಧೆಯ ಪ್ರವಾಸಿಯನ್ನು ನಾನು ಕಂಡಿರಲಿಲ್ಲ. ಗೇಟು ತೆರೆಯಿತು. ಮಕ್ಕಳಿಬ್ಬರೂ ಎಂದಿನಂತೆ ಒಳಗೆ ಓಡಿದ ಮೇಲೆ ಮ್ಯಾನೇಜರಮ್ಮ ಥರ್ಮಾಮೀಟರ್ ಹಿಡಿದು ಬಂದಳು. ಮುದುಕ ಎದೆಯ ಮೇಲೆ ಕೈಯಿಟ್ಟ, ಗಡ್ಡ ಎದೆಗೆ ತಾಗುವಷ್ಟು ಬಾಗಿದ, ತುಂಬಿದ ದನಿಯಲ್ಲಿ, “ತಲೆ ತಿನ್ಬೇಡ,” ಎಂದ.

ಅವಳ ಕಣ್ಣು ಒದ್ದೆಯಾಯಿತು. “ಆಹ್, ಗಾಡ್ ಲವ್ ಯೂ,” ಎಂದಳು. ನನ್ನತ್ತ ತಿರುಗಿ ಅರ್ಥ ಕೇಳಿದಳು. ಅವರ ಭಾಷೆಯಲ್ಲಿ ಅತಿ ದೊಡ್ಡ ಗೌರವದ ಮಾತು ಎಂದೆ. ನಗು ತಡೆದದ್ದಕ್ಕೆ ಪಕ್ಕೆಲುಬು ನೋವು ಬಂತು. ಮಾಸ್ಕ್ ಇದ್ದದ್ದರಿಂದ ಬದುಕಿದೆ. ಆ ವಾರವೆಲ್ಲ ದಿನವೂ ಬೆಳಿಗ್ಗೆ ನನಗೆ ಈ ಉಚಿತ ನಾಟಕ. ಎರಡನೆಯ ಹೆಜ್ಜೆಯ ಮೇಲೆ ನಿಂತದ್ದೂ ಸಾರ್ಥಕ ಎನ್ನಿಸಿತು.

ಮ್ಯಾನೇಜರಮ್ಮನದು ದೊಡ್ಡ ಮನಸ್ಸು ಎಂಬುದನ್ನು ಮಾತ್ರ ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಮಗುವನ್ನು ಕರೆತರಲು ಹೋದೆ. ಒಳಗಿನಿಂದ ಅಳು ಕೇಳಿಸಿತು. ಪರಿಚಿತ ಅಳು, ಮೊದಲ ದಿನದ್ದೇ. ಮುದುಕ ಗೇಟಿಗೆ ಕೈ ಹಾಕಿ ನಿಂತಿದ್ದ, ಮುಖ ಬಿಳುಚಿತ್ತು. ಟೀಚರು ಕೆಂಪು ಬೂಟಿನ ಹುಡುಗಿಯನ್ನು ಎತ್ತಿಕೊಂಡು ಬಂದಳು. ಏನಾಯಿತೋ ತನಗೇ ಗೊತ್ತಿಲ್ಲ ಎಂದಳು. ಎಲ್ಲ ಮಕ್ಕಳೂ ವೃತ್ತವಾಗಿ ಕೂತಾಗ ಅವಳಿಗೆ ಅವಳದೇ ಭಾಷೆಯಲ್ಲಿ ಸ್ವಾಗತ ಹೇಳೋಣ ಎಂದು ಮ್ಯಾನೇಜರಮ್ಮ ಎಲ್ಲರಿಗೂ ಒಂದು ಮಾತು ಕಲಿಸಿದಳಂತೆ. ಮಕ್ಕಳೆಲ್ಲ ಅವಳ ಕಡೆ ತಿರುಗಿ ಒಟ್ಟಿಗೆ ಹೇಳಿದವಂತೆ.

ಯಾವ ಮಾತು ಎಂದು ನಾನು ಕೇಳಲಿಲ್ಲ. ಆಫೀಸಿನ ಆಟ ನೆನಪಾಯಿತು. ಮರದ ತುಂಡು ಕಿವಿಗಿಟ್ಟುಕೊಂಡ ನಮ್ಮವಳು ಬಾಗಿಲಲ್ಲಿ ನಿಂತವಳಿಗೆ ಏನು ಹೇಳುತ್ತಿದ್ದಳೆಂದು ಯೋಚಿಸಬೇಕಾಗಿರಲಿಲ್ಲ. ಆಟದಲ್ಲಿ ಅದಾದ ಮೇಲೆ ಹೊರಗೆ ಹೋಗಬೇಕು. ಅದು ಆಟ. ಈಗ ಇಡೀ ಶಾಲೆಯೇ ಅವಳಿಗೆ ಅದನ್ನು ಹೇಳಿತ್ತು.

ಮೊಮ್ಮಗಳು ಕೊನೆಗೆ ಬಂದಳು. ಕೋಟಿನ ಗುಂಡಿ ಹಾಕಿರಲಿಲ್ಲ. ಮುದುಕನನ್ನು ನೋಡಿದಳು. ಅವನು ಅಷ್ಟು ಗಾಬರಿಯಲ್ಲೂ ಬಾಗಿಲಿಗೆ ಬಂದ ಮ್ಯಾನೇಜರಮ್ಮನಿಗೆ ಎದೆಯ ಮೇಲೆ ಕೈಯಿಟ್ಟು ಅದೇ ಮಾತು ಹೇಳಿದ. ನಮ್ಮವಳು ನನ್ನ ಕಡೆ ತಿರುಗಿದಳು. ಅವಳಿಗೆ ಹೊಳೆದುಬಿಟ್ಟಿತ್ತು.

ಟೀಚರು ಅಲ್ಲೇ ಇದ್ದಳು, ಮ್ಯಾನೇಜರಮ್ಮ ಇದ್ದಳು, ಇತರ ತಾಯಂದಿರು ತಮ್ಮತಮ್ಮ ಹಳದಿ ಹೆಜ್ಜೆಗಳ ಮೇಲೆ ಇದ್ದರು. ಮಗು ನನ್ನ ಕೋಟಿನ ತುದಿ ಹಿಡಿದು ಎಳೆದು, ನಾನು ಬಗ್ಗಿದ ಮೇಲೆ, ಕಿವಿಯ ಹತ್ತಿರ ಮಾಸ್ಕಿನ ದಾರ ಸರಿಸಿ, ಮೆಲ್ಲಗೆ, ಒಂದೊಂದೇ ಪದ ಹುಡುಕಿ ಹೇಳಿದಳು:

“ತಾತ, ನೀನು ಹೇಳ್ಕೊಟ್ಟಿದ್ದು. ನಂಗೆ ಗೊತ್ತು. ಅವ್ಳು ಅತ್ಲು. ಇನ್ಮೇಲೆ ಹಾಗೆ ಮಾಡ್ಬೇಡ. ಟೀಚರ್‌ಗೆ ನಾನು ಹೇಳಲ್ಲ.”

ತಕಾರಗಳೆಲ್ಲ ಐರಿಶ್. ಉಳಿದದ್ದೆಲ್ಲ ಮೈಸೂರು.

ಇಂಗ್ಲಿಷಿನಲ್ಲಿ ಹೇಳಿದ್ದರೆ ಅಲ್ಲಿದ್ದವರಿಗೆಲ್ಲ ನನ್ನ ಕಿತಾಪತಿ ತಿಳಿಯುತ್ತಿತ್ತು. ಅದಕ್ಕೇ ಅವಳು ಕನ್ನಡ ತೆಗೆದದ್ದು. ಎರಡು ವರ್ಷ ಬೇಡಿದರೂ ಬಾರದ್ದು ಒಂದೇ ಸಲಕ್ಕೆ ಇಷ್ಟುದ್ದ ಬಂತು. ಬಂದದ್ದು ಬೈಗುಳವಾಗಿ, ಅದೂ ಬೇರೆ ಮಗುವಿನ ಪರವಾಗಿ. ನನಗೆ ಕುಣಿಯಬೇಕೆನ್ನಿಸಿತು, ಅದೇ ಉಸಿರಿಗೆ ಆ ಕೆಂಪು ಬೂಟಿನವಳ ಮೇಲೆ ಹೊಟ್ಟೆಯೂ ಉರಿಯಿತು. ಅವಳು ಅಳದಿದ್ದರೆ ನನಗೆ ಈ ಮಾತು ಸಿಗುತ್ತಿರಲಿಲ್ಲ ಎಂಬುದೂ ನಿಜ.

ಮೊದಲು ಮ್ಯಾನೇಜರಮ್ಮನ ಬಳಿ ಹೋದೆ. ಗೈಡಿನ ಗತ್ತಿನಲ್ಲಿ ವಿವರಿಸಿದೆ: “ಆ ಮಾತು ದೊಡ್ಡವರಿಗೆ ಮಾತ್ರ ಮೇಡಂ. ಮಕ್ಕಳಿಗೆ ಹೇಳಿದರೆ ಅಪಶಕುನ. ಮಕ್ಕಳಿಗೆ ಹೇಳೋದು ‘ಬಾ ಚಿನ್ನ, ಕೂತ್ಕೋ’ ಅಂತ.” ಅವಳು ಕೈಯ ಹಿಂಬದಿಗೇ ಬರೆದುಕೊಂಡಳು. ಸೋಮವಾರದಿಂದ ಆಡಮ್ಸ್‌ಟೌನಿನ ಒಂದು ಕೋಣೆಯಲ್ಲಿ ಕೆಂಪು ಕೂದಲಿನ ಐರಿಶ್ ಮಕ್ಕಳು ದಿನವೂ ಬೆಳಿಗ್ಗೆ ಒಕ್ಕೊರಲಿನಿಂದ ‘ಬಾ ಚಿನ್ನ, ಕೂತ್ಕೋ’ ಎಂದು ಹಾಡಿದವು. ಅದು ಕಾಬೂಲಿನ ಭಾಷೆ ಎಂದೇ ಎಲ್ಲರ ನಂಬಿಕೆ. ಕನ್ನಡಕ್ಕೆ ಇಷ್ಟು ಸೇವೆ ಮಾಡಿದವರು ಹೊರದೇಶದಲ್ಲಿ ಇನ್ನೊಬ್ಬರಿದ್ದರೆ ತೋರಿಸಿ.

ಮುದುಕನಿಗೆ ನಿಜ ಹೇಳುವುದು ಕಷ್ಟವಾಯಿತು. ಬಸ್ ನಿಲ್ದಾಣದ ಬೆಂಚಿನ ಎರಡು ತುದಿಗಳಲ್ಲಿ ಕೂತು ಹೇಳಿದೆ. ಅದು ಇಂಗ್ಲಿಷ್ ಅಲ್ಲ, ನಮ್ಮೂರ ಮಾತು. ಅದರ ಅರ್ಥ ಹೀಗೆ. ಅವನು ಬಗ್ಗಿ ಮೊಮ್ಮಗಳ ಕೆಂಪು ಬೂಟಿನ ಮಣ್ಣು ಒರೆಸಿದ.

“ಹಾಗಾದ್ರೆ ನನ್ನ ಮೊಮ್ಮಗಳಿಗೆ ಇಂಗ್ಲಿಷ್ ಬಂದಿಲ್ಲ.”

“ಬರತ್ತೆ. ಮಕ್ಕಳಲ್ವಾ, ಬೇಸಿಗೆಯೊಳಗೆ ಬರತ್ತೆ. ನಮ್ಮವಳನ್ನ ನೋಡಿ, ಬೇಡ ಅಂದ್ರೂ ಅದೇ ಬರತ್ತೆ.”

“ಮತ್ತೆ ಬಸ್ ಡ್ರೈವರ್?”

“ಅವನಿಗೆ ಏನಂದ್ರೂ ಗ್ರ್ಯಾಂಡೇ.”

ಅವನ ಗಡ್ಡ ಸ್ವಲ್ಪ ಅಲುಗಿತು. ನಗುವೋ ಸಿಟ್ಟೋ ಮಾಸ್ಕಿನ ಹಿಂದೆ ಗೊತ್ತಾಗಲಿಲ್ಲ. ಬಸ್ಸು ಬಂತು. ಮೊಮ್ಮಗಳನ್ನು ಎತ್ತಿಕೊಂಡು ಹತ್ತಿಹೋದ.

ಸೋಮವಾರ ಬೆಳಿಗ್ಗೆ ಮಂಜು ಕವಿದಿತ್ತು. ನಾನು ಮಗುವಿನ ಕೈ ಹಿಡಿದು ಹೋದೆ. ಅವನು ಮೊದಲ ಹೆಜ್ಜೆಯ ಮೇಲೆ ನಿಂತಿದ್ದ. ಮುಖ ತಿರುಗಿಸಿಕೊಳ್ಳುತ್ತಾನೆ ಎಂದುಕೊಂಡೆ. ತಿರುಗಿದ. ಎದೆಯ ಮೇಲೆ ಕೈಯಿಟ್ಟ. ಹಿಂದೆಂದಿಗಿಂತ ಕೆಳಗೆ, ಸೊಂಟ ಮುರಿಯುವಷ್ಟು ಬಾಗಿದ.

“ತಲೆ ತಿನ್ಬೇಡ,” ಎಂದ ನನಗೆ. ಉಚ್ಚಾರದಲ್ಲಿ ಒಂದು ಕೊಂಕೂ ಇರಲಿಲ್ಲ.

ನನ್ನ ಮೊಮ್ಮಗಳು ನಕ್ಕಳು. ಹಲ್ಲಿನ ಆಟಕ್ಕೆ ಎಂದೂ ನಕ್ಕಿರದಂತೆ, ಬಿಕ್ಕಳಿಕೆ ಬರುವತನಕ ನಕ್ಕಳು. ಕೆಂಪು ಬೂಟಿನವಳೂ ನಕ್ಕಳು. ಒಂದು ಇಡೀ ಆಯುಷ್ಯದ ತಮಾಷೆಗಾರ ನಾನು. ನನ್ನದೇ ತಮಾಷೆಯನ್ನು ನನ್ನ ಕೈಯಿಂದ ಕಸಿದು, ನನ್ನ ಹೆಜ್ಜೆಯ ಮೇಲೆ ನಿಂತು, ನನ್ನ ಮೊಮ್ಮಗಳನ್ನು ನಗಿಸಿದ. ಒಳಗೆ ಎಲ್ಲಿ ಉರಿಯಬೇಕೋ ಅಲ್ಲೆಲ್ಲ ಉರಿಯಿತು.

ನಾನು ಅವನನ್ನು ತಳ್ಳಿಕೊಂಡು ಮುಂದೆ ಹೋಗಲಿಲ್ಲ, ಆದರೆ ಎರಡು ಮೀಟರು ಮರೆತು ಮುಂದೆ ಸರಿದೆ. ಮೊದಲ ಹೆಜ್ಜೆಯ ಅಂಚಿಗೆ ನನ್ನ ಬೂಟಿನ ತುದಿ ತಾಗಿತು. ಮೊಮ್ಮಗಳು ಅದನ್ನು ನೋಡಿದಳು. ನಗು ನಿಲ್ಲಿಸಿ, ಹಿಂದಿನ ಹಳದಿ ಗುರುತಿನತ್ತ ಬೆರಳು ತೋರಿಸಿದಳು.

“ತಾತ, ಇದು ಅಜ್ಜಂದು. ನೀನು ಹಿಂದೆ ನಿಂತ್ಕೋ.”

ಇಂಗ್ಲಿಷಿನಲ್ಲಿ ಹೇಳಿದ್ದರೆ ವಾದ ಮಾಡುತ್ತಿದ್ದೆ. ಕನ್ನಡದಲ್ಲಿ ಹೇಳಿದಳು. ಹೋಗಿ ನಿಂತೆ.